ಮುಳ್ಳು ತಣ್ಣಗಿದೆ ಅನ್ನುತ್ತದೆ, ಡಬ್ಬಿಯಲ್ಲಿ ಕೂಲೆಂಟ್ ಕುದಿಯುತ್ತದೆ

ಪ್ರಶ್ನೆ: ನನ್ನದು 2014ರ ಪೆಟ್ರೋಲ್ ಕಾರು. ಊರು ತೀರ್ಥಹಳ್ಳಿ ಹತ್ತಿರ. ಈ ಮಳೆಗಾಲದಲ್ಲಿ ಒಂದು ವಾರ ಕಾರನ್ನು ಶೆಡ್ಡಿನಿಂದ ತೆಗೆದಿರಲಿಲ್ಲ. ಆಮೇಲೆ ಸ್ಟಾರ್ಟ್ ಮಾಡಿದರೆ ಚೆಕ್ ಎಂಜಿನ್ ದೀಪ ಹತ್ತಿಕೊಂಡಿತು, ರೇಡಿಯೇಟರ್ ಫ್ಯಾನ್ ನಿಲ್ಲದೆ ತಿರುಗತೊಡಗಿತು, ಏಸಿ ಕೆಲಸ ಮಾಡಲಿಲ್ಲ. ಬಾನೆಟ್ ಎತ್ತಿ ನೋಡಿದರೆ ಕೂಲೆಂಟಿನ (ಎಂಜಿನ್ ತಣಿಸುವ ದ್ರವದ) ಬಿಸಿ ಅಳೆಯುವ ಟೆಂಪರೇಚರ್ ಸೆನ್ಸರಿಗೆ ಹೋಗುವ ಎರಡೂ ವೈರುಗಳನ್ನು ಇಲಿ ಕಡಿದಿತ್ತು, ವೈರುಗಳನ್ನು ಸೆನ್ಸರಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕಪ್ಲರಿನ ಲಾಕ್ ಮುರಿದಿತ್ತು. ನಮ್ಮೂರಿನ ಎಲೆಕ್ಟ್ರಿಷಿಯನ್ ವೈರುಗಳನ್ನು ಹೊಸೆದು ಟೇಪು ಸುತ್ತಿ, ಕಪ್ಲರಿಗೆ ಕೇಬಲ್ ಟೈ ಬಿಗಿದು ಕೊಟ್ಟರು. ದೀಪ ಆರಿತು, ಏಸಿಯೂ ಬಂತು. ಮೂರು ವಾರ ಕಳೆದ ಮೇಲೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿ ಮೇಲೆ ನಿಲ್ಲಿಸಿದಾಗ ಕೂಲೆಂಟ್ ಡಬ್ಬಿಯಲ್ಲಿ ಕೊತಕೊತ ಸದ್ದು, ಮುಚ್ಚಳದ ಅಂಚಿನಿಂದ ಹಬೆ. ಟೆಂಪರೇಚರ್ ಮುಳ್ಳು ಮಾತ್ರ ಅರ್ಧಕ್ಕಿಂತ ಕೆಳಗೇ ಇತ್ತು, ಫ್ಯಾನ್ ತಿರುಗುತ್ತಿರಲಿಲ್ಲ. ಬೆಳಿಗ್ಗೆ ಹೊತ್ತು ಕಾರು ಸರಿಯಾಗಿಯೇ ಇರುತ್ತದೆ, ಬಿಸಿಯಾದ ಮೇಲೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಒಬ್ಬರು ಸೆನ್ಸರ್ ಬದಲಿಸಿ ಎಂದರು, ಇನ್ನೊಬ್ಬರು ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ಕವಾಟ) ಕಿತ್ತು ಬಿಡೋಣ ಎಂದರು, ಮೂರನೆಯವರು ಇಡೀ ವೈರಿಂಗ್ ಸೆಟ್ ಹೋಗಿದೆ ಎಂದರು. ಯಾವುದು ನಿಜ?

ಉತ್ತರ:

ನೀವು ಬರೆದ ಲಕ್ಷಣ ನೋಡಿದರೆ ಮೂರೂ ಅಲ್ಲ. ಆ ಹೊಸೆದ ಜಾಯಿಂಟು ಅಥವಾ ಲಾಕ್ ಮುರಿದ ಕಪ್ಲರು, ಇವೆರಡರಲ್ಲಿ ಒಂದು ಕೆಟ್ಟಿದೆ. ಎರಡೂ ಕೆಟ್ಟಿದ್ದರೂ ಆಶ್ಚರ್ಯವಿಲ್ಲ. ಹೊಸ ಕಪ್ಲರು, ಒಂದು ಗೇಣು ವೈರು, ನಾಲ್ಕು ಹೀಟ್ ಶ್ರಿಂಕ್ ಸ್ಲೀವು (ಬಿಸಿ ಮಾಡಿದರೆ ಕುಗ್ಗಿ ವೈರನ್ನು ಬಿಗಿಯಾಗಿ ಹಿಡಿಯುವ ಕೊಳವೆ) ಇದ್ದರೆ ಮುಗಿಯುವ ಕೆಲಸ. ಆದರೆ ಅದು ಮುಗಿಯುವ ತನಕ ದಯವಿಟ್ಟು ಘಾಟಿ ಹತ್ತಬೇಡಿ. ಈ ದೋಷದಲ್ಲಿ ಎಂಜಿನ್ ಕುದಿಯುತ್ತಿರುವುದು ನಿಮಗೂ ಗೊತ್ತಾಗುವುದಿಲ್ಲ, ಕಾರಿನ ಕಂಪ್ಯೂಟರಿಗೂ ಗೊತ್ತಾಗುವುದಿಲ್ಲ. ನಾನು ಇದನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಅದಕ್ಕೇ.

ವೈರು ಪೂರ್ತಿ ಕಡಿದಿದ್ದಾಗ ನಿಮ್ಮ ಕಾರು ತನ್ನನ್ನು ತಾನೇ ಕಾಪಾಡಿಕೊಂಡಿತ್ತು. ಫ್ಯಾನ್ ಓಡಿಸಿತು, ಏಸಿ ನಿಲ್ಲಿಸಿತು, ದೀಪ ಹಚ್ಚಿ ನಿಮ್ಮನ್ನು ಕರೆಯಿತು. ಅರೆಬರೆ ರಿಪೇರಿಯಾದ ಮೇಲೆ ಆ ರಕ್ಷಣೆಯೇ ಹೋಯಿತು. ಯಾಕೆ ಹೀಗಾಗುತ್ತದೆ ಎಂದು ತಿಳಿದುಕೊಂಡರೆ ರಿಪೇರಿಯಲ್ಲಿ ಎಲ್ಲಿ ಎಚ್ಚರ ಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ಆದ್ದರಿಂದ ಮೊದಲು ಅದನ್ನು ಹೇಳುತ್ತೇನೆ.

ಸೆನ್ಸರಿನ ಹಿತ್ತಾಳೆಯ ಮೂತಿಯೊಳಗೆ ಇರುವುದು ಕಾಳಿನಷ್ಟು ಚಿಕ್ಕ ಥರ್ಮಿಸ್ಟರ್. ಬಿಸಿಯಾದಷ್ಟೂ ಅದರ ರೋಧ, ಅಂದರೆ ಓಮ್‌ನಲ್ಲಿ ಅಳೆಯುವ, ಕರೆಂಟನ್ನು ತಡೆಯುವ ಗುಣ, ಇಳಿಯುತ್ತದೆ. ನಮ್ಮಲ್ಲಿ ಓಡಾಡುವ ಬಹಳಷ್ಟು ಪೆಟ್ರೋಲ್ ಕಾರುಗಳಲ್ಲಿ 20 ಡಿಗ್ರಿಗೆ ಸುಮಾರು 2,450 ಓಮ್, 40ಕ್ಕೆ 1,150ರ ಆಸುಪಾಸು, 60ಕ್ಕೆ 590, 80ಕ್ಕೆ 320, ನೀರು ಕುದಿಯುವ 100 ಡಿಗ್ರಿಗೆ 190ರ ಹತ್ತಿರ. ಕಂಪನಿಯಿಂದ ಕಂಪನಿಗೆ ಅಂಕಿ ಸ್ವಲ್ಪ ಬೇರೆಯಾದೀತು, ಇಳಿಯುವ ರೀತಿ ಮಾತ್ರ ಒಂದೇ. ಎಂಜಿನ್ ಕಂಪ್ಯೂಟರು, ಅಂದರೆ ಇಸಿಎಂ, ತನ್ನೊಳಗಿನ ಒಂದು ರೆಸಿಸ್ಟರಿನ ಮೂಲಕ 5 ವೋಲ್ಟ್ ಕಳಿಸಿ, ಸೆನ್ಸರಿನ ಎರಡು ಪಿನ್ನುಗಳ ನಡುವೆ ಎಷ್ಟು ವೋಲ್ಟ್ ಉಳಿಯಿತು ಎಂದು ನೋಡುತ್ತದೆ. ತಣ್ಣಗಿದ್ದರೆ ಹೆಚ್ಚು ಉಳಿಯುತ್ತದೆ, ಬಿಸಿಯಾದರೆ ಕಡಿಮೆ. ವೈರು ಕಡಿದರೆ ಪೂರಾ 5 ವೋಲ್ಟ್ ಕಾಣುತ್ತದೆ, ಅದನ್ನು ಇಸಿಎಂ ಮೈನಸ್ 40 ಡಿಗ್ರಿ ಎಂದು ಓದುತ್ತದೆ. ಮಲೆನಾಡಿನಲ್ಲಿ ಮೈನಸ್ 40 ಎಲ್ಲಿಂದ ಬರಬೇಕು? ಹಾಗಾಗಿ ಪಿ0118 ಎಂಬ ಕೋಡ್ ಬರೆದುಕೊಂಡು, ಸೆನ್ಸರಿನ ಮಾತು ಬಿಟ್ಟು ತನ್ನದೇ ಅಂದಾಜಿನಲ್ಲಿ ಎಂಜಿನ್ ನಡೆಸುತ್ತದೆ. ಫ್ಯಾನನ್ನು ಸುಮ್ಮನೆ ಓಡಿಸಿಬಿಡುತ್ತದೆ. ಎರಡು ವೈರು ಒಂದಕ್ಕೊಂದು ತಗುಲಿ ಶಾರ್ಟ್ ಆದರೆ ವೋಲ್ಟ್ ಸೊನ್ನೆ, ಅದಕ್ಕೆ ಪಿ0117. ಈ ಎರಡು ತುದಿಗಳನ್ನು ಅದು ಸಲೀಸಾಗಿ ಹಿಡಿಯುತ್ತದೆ.

ನಡುವಿನ ಸುಳ್ಳನ್ನು ಹಿಡಿಯುವುದು ಅದಕ್ಕೆ ಕಷ್ಟ. ಹೊಸೆದ ಜಾಯಿಂಟಿನೊಳಗೆ ಮಳೆಯ ತೇವ ಸೇರಿ ತಾಮ್ರಕ್ಕೆ ಕಿಲುಬು ಹಿಡಿಯಿತು, ಅಲ್ಲಿ 300 ಓಮ್ ರೋಧ ಹುಟ್ಟಿಕೊಂಡಿತು ಎಂದಿಟ್ಟುಕೊಳ್ಳಿ. ಬೆಳಿಗ್ಗೆ 20 ಡಿಗ್ರಿಯಲ್ಲಿ ಸೆನ್ಸರಿನ 2,450ಕ್ಕೆ 300 ಸೇರಿದರೆ 2,750. ಇಸಿಎಂ ಅದನ್ನು 17 ಡಿಗ್ರಿ ಎಂದು ಓದುತ್ತದೆ. ಮೂರು ಡಿಗ್ರಿ ವ್ಯತ್ಯಾಸ, ಯಾರಿಗೂ ತಿಳಿಯುವುದಿಲ್ಲ, ಕಾರು ಸೊಗಸಾಗಿ ಸ್ಟಾರ್ಟ್ ಆಗುತ್ತದೆ. ಈಗ ಅದೇ ಎಂಜಿನ್ ಘಾಟಿ ಹತ್ತಿ ಫ್ಯಾನ್ ಬರಬೇಕಾದ 95 ಡಿಗ್ರಿ ಮುಟ್ಟಲಿ. ಸೆನ್ಸರಿನ ರೋಧ 210 ಓಮ್, ಜೊತೆಗೆ ಆ 300, ಒಟ್ಟು 510. ಇಸಿಎಂ ಲೆಕ್ಕದಲ್ಲಿ ಅದು 65 ಡಿಗ್ರಿ! ಮೂವತ್ತು ಡಿಗ್ರಿ ಸುಳ್ಳು. 65 ಡಿಗ್ರಿಗೆ ಫ್ಯಾನ್ ಯಾಕೆ ಬೇಕು ಎಂದು ಅದು ಸುಮ್ಮನಿರುತ್ತದೆ. ಮೀಟರಿನ ಮುಳ್ಳಿಗೂ ಸುದ್ದಿ ಹೋಗುವುದು ಬಹಳಷ್ಟು ಕಾರುಗಳಲ್ಲಿ ಇದೇ ಸೆನ್ಸರಿನಿಂದ, ಆದ್ದರಿಂದ ಮುಳ್ಳು ಕೂಡ ತಣ್ಣಗಿದೆ ಅನ್ನುತ್ತದೆ. 65 ಡಿಗ್ರಿ ಎಂಬುದು ಅಸಂಭವವಾದ ಅಂಕಿಯೇನಲ್ಲ, ಹಾಗಾಗಿ ದೀಪವೂ ಹತ್ತುವುದಿಲ್ಲ. ಬಿಸಿ ಎಂಜಿನ್ನಿಗೆ ಅರೆಬಿಸಿ ಎಂಜಿನ್ನಿನ ಲೆಕ್ಕದಲ್ಲಿ ಪೆಟ್ರೋಲ್ ಸುರಿಯುವುದರಿಂದ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡುವಾಗ ಸತಾಯಿಸುತ್ತದೆ. ನೀವು ಬರೆದ ಪ್ರತಿಯೊಂದು ಲಕ್ಷಣವೂ ಇದರೊಳಗೆ ಬಂತು.

ಜಾಯಿಂಟಿನ ದೋಷ ತಣ್ಣಗಿದ್ದಾಗ ಅಡಗಿರುತ್ತದೆ, ಬಿಸಿಯಾದಾಗ ಹೊರಗೆ ಬರುತ್ತದೆ. ಎಲೆಕ್ಟ್ರಿಷಿಯನ್ ಕೆಲಸ ಮುಗಿಸಿ ಪರೀಕ್ಷೆ ಮಾಡುವುದು ತಣ್ಣನೆಯ ಎಂಜಿನ್ನಿನಲ್ಲಿ. ದೀಪ ಆರಿತು, ಆಯಿತು ಎಂದು ಕಳಿಸುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಹೆಡ್‌ಲೈಟು, ಹಾರನ್ನು ಇವುಗಳಲ್ಲಿ ಪಳಗಿದ ಕೈ ಅದು. ಒಂದು 60 ವ್ಯಾಟ್ ಹೆಡ್‌ಲೈಟ್ ಬಲ್ಬಿಗೆ 5 ಆಂಪಿಯರ್ ಕರೆಂಟು ಹರಿಯುತ್ತದೆ, ಸಣ್ಣಪುಟ್ಟ ಕಿಲುಬನ್ನು ಲೆಕ್ಕಿಸದೆ ನುಗ್ಗುತ್ತದೆ. ಸೆನ್ಸರಿನ ವೈರಿನಲ್ಲಿ ಹರಿಯುವುದು ಒಂದೆರಡು ಮಿಲಿ ಆಂಪಿಯರ್, ಅದರ ಎರಡು ಮೂರು ಸಾವಿರದಲ್ಲಿ ಒಂದು ಪಾಲು. ಈರುಳ್ಳಿ ಸಿಪ್ಪೆಯಂಥ ಕಿಲುಬಿನ ಪೊರೆಯೂ ಅದಕ್ಕೆ ಗೋಡೆ. ದೀಪದ ವೈರಿಗೆ ನಡೆಯುವ ಹೊಸೆತ ಇಲ್ಲಿ ನಡೆಯುವುದಿಲ್ಲ.

ಥರ್ಮೋಸ್ಟ್ಯಾಟ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅದನ್ನು ಕೀಳಲು ಬಿಡಬೇಡಿ. ಎಂಜಿನ್ ಬಿಸಿಯೇ ಆಗುತ್ತಿಲ್ಲ ಎಂದು ಇಸಿಎಂ ಬಹಳ ಹೊತ್ತು ಭಾವಿಸಿದರೆ ಪಿ0128 ಎಂಬ ಕೋಡ್ ಬರಬಹುದು, ಅದರ ವಿವರಣೆಯಲ್ಲಿ ಥರ್ಮೋಸ್ಟ್ಯಾಟ್ ಎಂಬ ಮಾತಿದೆ. ಸ್ಕ್ಯಾನರಿನಲ್ಲಿ ಅಷ್ಟು ಓದಿ ಥರ್ಮೋಸ್ಟ್ಯಾಟ್ ಬಿಚ್ಚಿ ಬಿಸಾಡುವವರಿದ್ದಾರೆ. ಆಗ ನಿಜವಾಗಿಯೂ ಎಂಜಿನ್ ಸರಿಯಾದ ಬಿಸಿಗೆ ಬರುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಮೂಲ ದೋಷ ಇದ್ದಲ್ಲೇ ಇರುತ್ತದೆ.

ಇನ್ನು ಕೆಲಸಕ್ಕೆ ಬರೋಣ. ಎಂಜಿನ್ ಪೂರ್ತಿ ಆರಿರಬೇಕು, ರಾತ್ರಿ ನಿಂತ ಕಾರಾದರೆ ಒಳ್ಳೆಯದು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳಕ್ಕಾಗಲಿ, ಒತ್ತಡ ಹಿಡಿಯುವ ಕೂಲೆಂಟ್ ಡಬ್ಬಿಯ ಮುಚ್ಚಳಕ್ಕಾಗಲಿ ಕೈ ಹಾಕಬೇಡಿ. ಒಳಗೆ ಸುಮಾರು 1 ಬಾರ್ ಒತ್ತಡ ಇರುತ್ತದೆ, ಕೂಲೆಂಟು 100 ಡಿಗ್ರಿ ದಾಟಿಯೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ತಿರುವಿದ ಕ್ಷಣ ಒತ್ತಡ ಇಳಿದು ಅಷ್ಟೂ ಒಮ್ಮೆಗೇ ಕುದಿದು ಮುಖಕ್ಕೆ ಎರಚುತ್ತದೆ. ಹೀಗೆ ಬೆಂದ ಕೈಗಳನ್ನು ನಾನು ಗ್ಯಾರೇಜಿನಲ್ಲಿ ಕಣ್ಣಾರೆ ನೋಡಿದ್ದೇನೆ.

ತಣ್ಣಗಾದ ಮೇಲೆ ಮೊದಲು ಕೂಲೆಂಟ್ ಮಟ್ಟ ನೋಡಿ. ಒಮ್ಮೆ ಕುದಿದಿದೆ, ಖಂಡಿತ ಕಡಿಮೆಯಾಗಿರುತ್ತದೆ. ಸೆನ್ಸರಿನ ಮೂತಿ ಕೂಲೆಂಟಿನಲ್ಲಿ ಮುಳುಗಿರಬೇಕು. ಮಟ್ಟ ಇಳಿದು ಅದು ಹಬೆಯಲ್ಲಿ ನಿಂತರೆ ಎಷ್ಟೇ ಒಳ್ಳೆಯ ಕಪ್ಲರ್ ಇದ್ದರೂ ತಪ್ಪು ಹೇಳುತ್ತದೆ.

ಸೆನ್ಸರು ಸಾಮಾನ್ಯವಾಗಿ ಸಿಲಿಂಡರ್ ಹೆಡ್ಡಿನ ತುದಿಯಲ್ಲಿ, ಥರ್ಮೋಸ್ಟ್ಯಾಟ್ ಕೂತಿರುವ ಅಲ್ಯೂಮಿನಿಯಂ ಕವಚದ ಮೇಲೆ ಇರುತ್ತದೆ. ನಿಮ್ಮದು ಹೇಗೂ ಕೇಬಲ್ ಟೈ ಬಿಗಿದಿರುವುದರಿಂದ ಹುಡುಕುವ ಶ್ರಮವಿಲ್ಲ. ಟೈ ಕತ್ತರಿಸಿ ಕಪ್ಲರ್ ಬಿಚ್ಚಿ, ಬೆಳಕಿಗೆ ಹಿಡಿದು ಒಳಗೆ ನೋಡಿ. ಪಿನ್ನುಗಳು ಬೆಳ್ಳಗೆ ಮಿರುಗಬೇಕು. ತಾಮ್ರದ ಚೊಂಬನ್ನು ಹುಣಸೆಹುಳಿ ಹಚ್ಚದೆ ಇಟ್ಟರೆ ಹಿಡಿಯುವ ಹಸಿರು ಬಣ್ಣ ಅಲ್ಲಿದ್ದರೆ ಕಿಲುಬು ಎಂದೇ ಅರ್ಥ. ಕಪ್ಲರಿನ ಬಾಯಿಯಲ್ಲಿ ಬಣ್ಣದ ರಬ್ಬರ್ ಉಂಗುರ ಇದೆಯೇ, ಪ್ರತಿ ವೈರು ಒಳಹೊಗುವಲ್ಲಿ ಚಿಕ್ಕ ರಬ್ಬರ್ ಬಿರಡೆ ಇದೆಯೇ ನೋಡಿ. ನೀರು ತಡೆಯುವುದು ಇವೇ. ಒಳಗೆ ಕೂಲೆಂಟಿನ ಹಸಿರು ಅಥವಾ ಗುಲಾಬಿ ತೇವ ಕಂಡರೆ ಸೆನ್ಸರೇ ಒಸರುತ್ತಿದೆ, ಆಗ ಮಾತ್ರ ಅದನ್ನು ನೋಡಿದ ಕೂಡಲೇ ಬದಲಿಸಿ.

ಇನ್ನು ಅಳತೆ. 500 ರೂಪಾಯಿಯೊಳಗೆ ಸಿಗುವ ಮಲ್ಟಿಮೀಟರ್ ಸಾಕು. ಜೊತೆಗೆ ಇಸಿಎಂ ಓದುತ್ತಿರುವ ಅಂಕಿಗಳನ್ನು ಬ್ಲೂಟೂತ್‌ನಲ್ಲಿ ಫೋನಿಗೆ ಕಳಿಸುವ ಓಬಿಡಿ ಅಡಾಪ್ಟರ್ ಇದ್ದರೆ ಅರ್ಧ ಕೆಲಸ ಹಗುರ. ನಿಮ್ಮದು 2014ರ ಕಾರಾದ್ದರಿಂದ ಸ್ಟೇರಿಂಗಿನ ಕೆಳಗೆ ಅದರ ಸಾಕೆಟ್ ಇದ್ದೇ ಇರುತ್ತದೆ. ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಕೂಲೆಂಟ್ ಡಿಗ್ರಿ ಮತ್ತು ಎಂಜಿನ್ ಒಳಗೆ ಹೋಗುವ ಗಾಳಿಯ ಡಿಗ್ರಿ ಎರಡನ್ನೂ ನೋಡಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಇಲ್ಲಿ ಪಾಸಾದರೆ ಸಂತೋಷಪಟ್ಟು ನಿಲ್ಲಿಸಬೇಡಿ, ಮೇಲೆ ಲೆಕ್ಕ ಹಾಕಿದ ಹಾಗೆ ತಣ್ಣನೆಯ ಪರೀಕ್ಷೆಯಲ್ಲಿ ಕೆಟ್ಟ ಜಾಯಿಂಟೂ ಪಾಸಾಗುತ್ತದೆ.

ಕೀ ಆನ್ ಇರಲಿ, ಕಪ್ಲರ್ ಕಳಚಿ. ಫೋನಿನಲ್ಲಿ ಮೈನಸ್ 40 ಬರಬೇಕು. ಈಗ ಸಣ್ಣ ತಂತಿಯಿಂದ ವೈರಿಂಗ್ ಕಡೆಯ ಕಪ್ಲರಿನ ಎರಡು ಪಿನ್ನುಗಳನ್ನು ಸೇರಿಸಿದರೆ ಅಂಕಿ 120–140 ಡಿಗ್ರಿಗೆ ಜಿಗಿಯಬೇಕು. ಒಳಗಿನ ರೆಸಿಸ್ಟರ್ ಕರೆಂಟನ್ನು ತಡೆಯುವುದರಿಂದ ಇದರಿಂದ ಇಸಿಎಂಗೆ ಅಪಾಯವಿಲ್ಲ. ಆದರೆ ಕೈಯಲ್ಲಿರುವುದು ಎರಡೇ ವೈರಿನ ಕೂಲೆಂಟ್ ಸೆನ್ಸರಿನ ಕಪ್ಲರೇ ಎಂದು ಎರಡು ಸಲ ಖಚಿತ ಮಾಡಿಕೊಳ್ಳಿ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ಕಪ್ಲರೂ ಎರಡು ವೈರಿನದೇ, ನೋಡಲು ಹೀಗೇ ಇರುತ್ತದೆ, ಅದರಲ್ಲಿ ಈ ಪ್ರಯೋಗ ಮಾಡಿದರೆ ಇಸಿಎಂ ಸುಡಬಹುದು. ಎರಡೂ ಅಂಕಿ ಸರಿಯಾಗಿ ಬಂದರೆ ಇಸಿಎಂ ಚೆನ್ನಾಗಿದೆ, ವೈರು ಎಲ್ಲೂ ಪೂರ್ತಿ ತುಂಡಾಗಿಲ್ಲ. ಇಡೀ ವೈರಿಂಗ್ ಸೆಟ್ ಬದಲಿಸಿ ಎಂದವರಿಗೆ ಇದನ್ನು ತೋರಿಸಿ.

ಕಡೆಯ ಪರೀಕ್ಷೆ ಜಾಯಿಂಟಿನದು, ಅದು ಎಂಜಿನ್ ಬಿಸಿಯಾದ ಮೇಲೆಯೇ ಆಗಬೇಕು. ಕಪ್ಲರ್ ಹಾಕಿ, ಅಂಗಳದಲ್ಲೇ ಎಂಜಿನ್ ಹತ್ತು ಹದಿನೈದು ನಿಮಿಷ ಓಡಲಿ, ಕುದಿಯುವ ತನಕ ಕಾಯಬೇಡಿ. ಎಂಜಿನ್ ಆಫ್ ಮಾಡಿ ಕೀ ಮತ್ತೆ ಆನ್ ಮಾಡಿ, ಫ್ಯಾನಿನಿಂದ ಕೈ ದೂರವಿರಲಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ, ಅದರ ಒಂದು ವೈರಿನ ಮೊನೆಯನ್ನು ಜಾಯಿಂಟಿನ ಈಚೆಗೆ, ಇನ್ನೊಂದನ್ನು ಜಾಯಿಂಟಿನ ಆಚೆಗೆ ಅದೇ ವೈರಿನ ಮೇಲೆ ಚುಚ್ಚಿ. ಒಳ್ಳೆಯ ಜಾಯಿಂಟಾದರೆ ಒಂದೆರಡು ಮಿಲಿ ವೋಲ್ಟ್, ಅಂದರೆ ಸೊನ್ನೆಯೇ. ನಾನು ಹೇಳಿದ 300 ಓಮ್ ಅಲ್ಲಿದ್ದರೆ ಅರ್ಧ ವೋಲ್ಟಿನಷ್ಟು ತೋರಿಸುತ್ತದೆ. ಹಾಗೇ ವೈರನ್ನು ಮೆಲ್ಲಗೆ ಅಲುಗಾಡಿಸಿ ಫೋನಿನ ಅಂಕಿ ನೋಡಿ. 70 ಇದ್ದದ್ದು 88 ಆಗಿ ಮತ್ತೆ 62 ಆದರೆ ಕಳ್ಳ ಸಿಕ್ಕಿದ ಹಾಗೆ. ಚುಚ್ಚಿದ ತೂತುಗಳ ಚಿಂತೆ ಬೇಡ, ಆ ಭಾಗವನ್ನು ಹೇಗೂ ಕತ್ತರಿಸಿ ಎಸೆಯಲಿದ್ದೀರಿ.

ಸೆನ್ಸರಿನ ಮೇಲೆ ಇನ್ನೂ ಅನುಮಾನವಿದ್ದರೆ ಅದನ್ನು ಅಡುಗೆಮನೆಯಲ್ಲಿ ಬಗೆಹರಿಸಬಹುದು. ತಣ್ಣನೆಯ ಎಂಜಿನ್ನಿನಿಂದ ಬಿಚ್ಚಿ (ಒಂದಿಷ್ಟು ಕೂಲೆಂಟ್ ಸುರಿಯುತ್ತದೆ, ಕೆಳಗೆ ಪಾತ್ರೆ ಇಡಿ), ಹಿತ್ತಾಳೆಯ ತುದಿಯನ್ನು ಮಾತ್ರ ಕುದಿಯುವ ನೀರಿನಲ್ಲಿ ಇಳಿಬಿಟ್ಟು ಪಿನ್ನುಗಳ ನಡುವೆ ಓಮ್ ಅಳೆಯಿರಿ. ನಿಮ್ಮೂರಿನ ಎತ್ತರಕ್ಕೆ ನೀರು ಕುದಿಯುವುದು 98 ಡಿಗ್ರಿಯ ಹತ್ತಿರ, ಬೆಂಗಳೂರಿನಲ್ಲಾದರೆ 97. ಸುಮಾರು 200 ಓಮ್ ಬಂದರೆ ಸೆನ್ಸರ್ ಗಟ್ಟಿಯಾಗಿದೆ. ಹಳೆಯ ಪಾತ್ರೆ ಬಳಸಿ, ಆಮೇಲೆ ಅದು ಅಡುಗೆಗೆ ಬೇಡ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ನಾಯಿ ಬೆಕ್ಕುಗಳು ಅದನ್ನು ನೆಕ್ಕುತ್ತವೆ, ನೆಲಕ್ಕೆ ಬಿದ್ದದ್ದನ್ನು ನೀರು ಹಾಕಿ ತೊಳೆದುಬಿಡಿ. ಮತ್ತೆ ಕೂರಿಸುವಾಗ ಹೊಸ ವಾಷರ್ ಅಥವಾ ಓ-ರಿಂಗ್ ಹಾಕಿ, ಮೊದಲ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಿ. ಹೆಡ್ ಅಲ್ಯೂಮಿನಿಯಂದು, ಸ್ಪ್ಯಾನರ್ ಹಾಕಿ ಬಲ ಬಿಟ್ಟರೆ ಥ್ರೆಡ್ ಕಿತ್ತು ಬರುತ್ತದೆ.

ಕಪ್ಲರ್ ಕೊಳ್ಳುವಾಗ ವೈರಿನ ಬಾಲ ಸಮೇತ ಸಿಗುವುದನ್ನೇ ಕೇಳಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹಳೆಯದನ್ನು ತೋರಿಸಿದರೆ ಹೊಂದುವುದನ್ನು ಹುಡುಕಿ ಕೊಡುತ್ತಾರೆ. ಶಿವಮೊಗ್ಗದ ಆಟೊ ಎಲೆಕ್ಟ್ರಿಕಲ್ ಅಂಗಡಿಗಳಲ್ಲೂ ವಿಚಾರಿಸಿ. ಗುಜರಿಯಿಂದ ತರುವುದಾದರೆ ಅದೇ ಮಾದರಿಯ ಕಾರಿನದು, ಕನಿಷ್ಠ ಆರು ಇಂಚು ವೈರಿನ ಸಮೇತ ಕತ್ತರಿಸಿಕೊಂಡು ಬನ್ನಿ. ಆದರೆ ಹತ್ತು ವರ್ಷ ಎಂಜಿನ್ ಶಾಖ ತಿಂದ ಪ್ಲಾಸ್ಟಿಕ್ ಹಪ್ಪಳದ ಹಾಗಾಗಿರುತ್ತದೆ, ಲಾಕ್ ಒತ್ತಿದರೆ ಲಟಕ್ಕೆಂದು ಮುರಿಯುತ್ತದೆ. ಹೊಸದಕ್ಕೇ ನನ್ನ ಓಟು. ಅಂಗಡಿಯಲ್ಲೇ ಸೆನ್ಸರಿಗೋ ಅದರ ಮಾದರಿಗೋ ಸಿಕ್ಕಿಸಿ ನೋಡಿ, ಕ್ಲಿಕ್ ಎಂಬ ಸದ್ದು ಬರಬೇಕು, ಎಳೆದರೆ ಬರಬಾರದು.

ಬ್ಯಾಟರಿಯ ಮೈನಸ್ ಕಳಚಿ. ಹಳೆಯ ಕಪ್ಲರಿನ ಫೋಟೊ ತೆಗೆದಿಟ್ಟುಕೊಳ್ಳಿ, ಯಾವ ಬಣ್ಣದ ವೈರು ಯಾವ ಕಡೆ ಎಂಬುದು ಅದರಲ್ಲಿ ಸ್ಪಷ್ಟ ಕಾಣಬೇಕು. ಎರಡು ಪಿನ್ನಿನ ಥರ್ಮಿಸ್ಟರಿಗೆ ಪ್ಲಸ್ ಮೈನಸ್ ಭೇದವಿಲ್ಲ, ಅದಲುಬದಲಾದರೂ ನಡೆಯುತ್ತದೆ. ಮೂರು ಪಿನ್ನಿನ ಸೆನ್ಸರಾದರೆ ಮೀಟರಿನ ಮುಳ್ಳಿಗೆ ಬೇರೆ ವೈರು ಇರುತ್ತದೆ, ಅಲ್ಲಿ ಅದಲುಬದಲು ಸಲ್ಲದು.

ಈಗ ಹೊಸೆದ ಜಾಯಿಂಟನ್ನು ಬಿಚ್ಚಿ ನೋಡಿ. ಟೇಪು ಶಾಖಕ್ಕೆ ಅಂಟು ಬಿಟ್ಟು ಜಾರಿರುತ್ತದೆ, ಬೆರಳಿಗೆ ಕಪ್ಪು ಗೋಂದು ಹತ್ತುತ್ತದೆ. ಸಾಮಾನ್ಯ ಪಿವಿಸಿ ಟೇಪು ತಡೆಯುವುದು 80 ಡಿಗ್ರಿಯ ಆಸುಪಾಸು, ಸೆನ್ಸರ್ ಕೂತಿರುವ ಜಾಗ ಅದಕ್ಕಿಂತ ಬಿಸಿ. ಒಳಗಿನ ತಾಮ್ರ ಕಪ್ಪಾಗಿಯೋ ಹಸಿರಾಗಿಯೋ ಇರುತ್ತದೆ. ಅದನ್ನು ಉಪ್ಪುಕಾಗದದಲ್ಲಿ ಉಜ್ಜಿ ಹೊಳಪು ಬರಿಸಿ ಮತ್ತೆ ಬಳಸುವ ಆಸೆ ಬೇಡ. ತೇವ ವೈರಿನ ಎಳೆಗಳ ನಡುವೆ, ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ, ಪ್ಲಾಸ್ಟಿಕ್ಕಿನ ಒಳಗೇ ಏರಿರುತ್ತದೆ. ಅರ್ಧ ಇಂಚು ಕತ್ತರಿಸಿ ಸಿಪ್ಪೆ ಸುಲಿದು ನೋಡಿ. ಇನ್ನೂ ಕಪ್ಪೇ? ಇನ್ನೊಂದು ಅರ್ಧ ಇಂಚು. ಹೊಸ ದಮ್ಮಡಿಯಂಥ ಕೆಂಪು ತಾಮ್ರ ಕಾಣುವ ತನಕ ಹೀಗೇ ಹಿಂದೆ ಹೋಗಿ. ಒಮ್ಮೆ ನಾನು ನಾಲ್ಕು ಇಂಚು ಹಿಂದೆ ಹೋಗಬೇಕಾಯಿತು. ವೈರು ಗಿಡ್ಡವಾದರೆ ಅಷ್ಟೇ ದಪ್ಪದ, ಅಂದರೆ ಸಾಮಾನ್ಯವಾಗಿ 0.5 ಚದರ ಮಿಲಿಮೀಟರಿನ ಆಟೊ ವೈರು ಸೇರಿಸಿಕೊಳ್ಳಿ. ಮನೆಯ ವೈರಿಂಗಿನ ಒಂಟಿ ಎಳೆಯ ಗಟ್ಟಿ ತಂತಿ ಬೇಡ, ಎಂಜಿನ್ ನಡುಕಕ್ಕೆ ಅದು ಕೆಲವೇ ತಿಂಗಳಲ್ಲಿ ಒಳಗೊಳಗೇ ತುಂಡಾಗುತ್ತದೆ.

ಎರಡು ಜಾಯಿಂಟುಗಳು ಅಕ್ಕಪಕ್ಕ ಬರದ ಹಾಗೆ ಒಂದು ವೈರನ್ನು ಒಂದೂವರೆ ಇಂಚು ಗಿಡ್ಡ ಮಾಡಿ, ಇನ್ನೊಂದನ್ನು ಉದ್ದ ಬಿಡಿ. ನಾಳೆ ಸ್ಲೀವು ಹರಿದರೂ ಒಂದಕ್ಕೊಂದು ಮುಟ್ಟುವುದಿಲ್ಲ, ಗಂಟೂ ದಪ್ಪವಾಗುವುದಿಲ್ಲ. ವೈರು ಸೇರಿಸುವ ಮೊದಲೇ ಹೀಟ್ ಶ್ರಿಂಕ್ ಸ್ಲೀವನ್ನು ಒಂದು ಕಡೆಯ ವೈರಿಗೆ ಪೋಣಿಸಿಡಿ. ಒಳಗೆ ಅಂಟು ಇರುವ ಸ್ಲೀವನ್ನೇ ಕೇಳಿ ತನ್ನಿ, ಬಿಸಿ ಮಾಡಿದಾಗ ಎರಡೂ ತುದಿಯಿಂದ ಅಂಟು ಇಣುಕಿ ಬಾಯಿ ಮುಚ್ಚಿಕೊಳ್ಳುತ್ತದೆ. ತೀರ್ಥಹಳ್ಳಿ ಮಳೆಗೆ ಅಂಟಿಲ್ಲದ ಸ್ಲೀವು ಸಾಲದು.

ಜಾಯಿಂಟಿಗೆ ನನ್ನ ಆಯ್ಕೆ ಕ್ರಿಂಪ್. ಲೋಹದ ಚಿಕ್ಕ ಕೊಳವೆಯೊಳಗೆ ಎರಡೂ ಕಡೆಯಿಂದ ಸುಮಾರು 7 ಮಿಲಿಮೀಟರ್ ಸುಲಿದ ವೈರು ತೂರಿಸಿ, ಕ್ರಿಂಪಿಂಗ್ ಪ್ಲೇಯರಿನಲ್ಲಿ ಅದುಮಬೇಕು. ಕಟಿಂಗ್ ಪ್ಲೇಯರಿನಲ್ಲಿ ಚಪ್ಪಟೆ ಮಾಡಿದರೆ ಅದು ಕ್ರಿಂಪ್ ಅಲ್ಲ. ಅದುಮಿದ ಮೇಲೆ ಎರಡೂ ಕಡೆ ಹಿಡಿದು ಚೆನ್ನಾಗಿ ಎಳೆಯಿರಿ, ಬಂದುಬಿಟ್ಟರೆ ಈಗಲೇ ಬರಲಿ. ಸೋಲ್ಡರ್ ಮಾಡಬಾರದೇ ಎಂದು ಎಲ್ಲರೂ ಕೇಳುತ್ತಾರೆ. ಮಾಡಬಹುದು, ವಿದ್ಯುತ್ತಿನ ದೃಷ್ಟಿಯಿಂದ ಅದು ಬಹಳ ಒಳ್ಳೆಯ ಜಾಯಿಂಟು. ಆದರೆ ಸೀಸ ಎಳೆಗಳ ನಡುವೆ ಏರಿ ವೈರನ್ನು ಕಡ್ಡಿಯ ಹಾಗೆ ಬಿಗಿ ಮಾಡುತ್ತದೆ. ಆ ಕಡ್ಡಿ ಮುಗಿದು ಮೆತ್ತನೆಯ ವೈರು ಶುರುವಾಗುವ ಜಾಗದಲ್ಲಿ ನಡುಕಕ್ಕೆ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಸೋಲ್ಡರ್ ಮಾಡುವುದೇ ಆದರೆ ಸ್ಲೀವು ಆ ಜಾಗವನ್ನು ದಾಟಿ ಅರ್ಧ ಇಂಚು ಮುಂದಕ್ಕೂ ಹಬ್ಬಿರಲಿ, ಜಾಯಿಂಟು ಅಲುಗಾಡದ ಹಾಗೆ ಕಟ್ಟಿರಲಿ, ಪ್ಲಂಬರಿನ ಆಸಿಡ್ ಪೇಸ್ಟ್ ಮುಟ್ಟಲೇಬೇಡಿ.

ಸ್ಲೀವು ಆರಿದ ಮೇಲೆ ಎರಡೂ ವೈರುಗಳನ್ನು ಸೇರಿಸಿ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಕೊಳವೆಯೊಳಗೆ ತೂರಿಸಿ ಬಟ್ಟೆಯ ಟೇಪು ಸುತ್ತಿ. ಸೈಲೆನ್ಸರ್ ಕಡೆಯ ಬಿಸಿ ಕೊಳವೆ, ಬೆಲ್ಟು, ಫ್ಯಾನ್ ಇವುಗಳಿಂದ ದೂರ ಹಾಯಿಸಿ. ಬಿಗಿಯಾಗಿ ಎಳೆದು ಕಟ್ಟಬೇಡಿ. ಎಂಜಿನ್ ತನ್ನ ಮೌಂಟಿನ ಮೇಲೆ ಅಲುಗಾಡುತ್ತದೆ, ವೈರಿಗೆ ಒಂದಿಷ್ಟು ಸಡಿಲ ಬೇಕು.

ಒಂದು ತಪ್ಪಿನ ಬಗ್ಗೆ ವಿಶೇಷವಾಗಿ ಎಚ್ಚರಿಸಬೇಕು. ಕೆಲವು ವರ್ಷದ ಹಿಂದೆ ನನ್ನ ಬಳಿ ಬಂದ ಕಾರಿನಲ್ಲಿ ಕಡಿದ ಎರಡು ವೈರುಗಳಲ್ಲಿ ಒಂದು ಅರ್ಥ್ ಎಂದು ಕಂಡುಕೊಂಡ ಯಾರೋ, ಅದನ್ನು ಹುಡುಕಿ ಸೇರಿಸುವ ಬದಲು ಕಪ್ಲರಿನಿಂದ ಹೊಸ ವೈರು ಎಳೆದು ಎಂಜಿನ್ ಬೋಲ್ಟಿಗೆ ಬಿಗಿದಿದ್ದರು. ಹಗಲಲ್ಲಿ ಅಂಥ ತೊಂದರೆಯಿಲ್ಲ. ರಾತ್ರಿ ಹೆಡ್‌ಲೈಟ್, ವೈಪರ್ ಹಾಕಿದಾಗ ಕೂಲೆಂಟ್ ಅಂಕಿ ಮೇಲೆ ಕೆಳಗೆ ಕುಣಿಯುತ್ತಿತ್ತು. ಸೆನ್ಸರಿನ ಅರ್ಥ್ ಇಸಿಎಂನಿಂದಲೇ ಬರುತ್ತದೆ, ಬಾಡಿಯ ಅರ್ಥ್ ಅಲ್ಲ. ದೀಪ, ಮೋಟರುಗಳ ದೊಡ್ಡ ಕರೆಂಟು ಬಾಡಿಯಲ್ಲಿ ಹರಿಯುವಾಗ ಅಲ್ಲಿ ಹುಟ್ಟುವ ಚೂರು ವೋಲ್ಟೇಜು ಕೂಡ ಈ ಸೂಕ್ಷ್ಮ ಅಳತೆಯನ್ನು ಕೆಡಿಸುತ್ತದೆ. ಬಹಳ ಕಾರುಗಳಲ್ಲಿ ಇದೇ ಅರ್ಥ್ ವೈರನ್ನು ಥ್ರಾಟಲ್ ಸೆನ್ಸರು, ಗಾಳಿಯ ಸೆನ್ಸರುಗಳೂ ಹಂಚಿಕೊಂಡಿರುತ್ತವೆ. ಆದ್ದರಿಂದ ಕಡಿದ ವೈರಿನ ಮೂಲ ತುದಿಯನ್ನೇ ಹುಡುಕಿ ಸೇರಿಸಿ.

ಎಲ್ಲ ಆದ ಮೇಲೆ ಕೂಲೆಂಟ್ ತುಂಬಿ. ಬಾವಿ ನೀರು ಬೇಡ, ನಿಮ್ಮ ಕಾರಿನ ಕೈಪಿಡಿ ಹೇಳುವ ಕೂಲೆಂಟು ತನ್ನಿ. ಮುಚ್ಚಳ ತೆರೆದು ಎಂಜಿನ್ ಓಡಿಸಿ ಗಾಳಿಗುಳ್ಳೆಗಳು ಹೊರಬರುವ ತನಕ ಕಾಯಿರಿ, ಕೆಲವು ಕಾರುಗಳಿಗೆ ಗಾಳಿ ಬಿಡುವ ಪ್ರತ್ಯೇಕ ತಿರುಪು ಇರುತ್ತದೆ. ಮುಚ್ಚಳ ಹಾಕಿ ಕೋಡ್ ಅಳಿಸಿ, ಏಸಿ ಆಫ್ ಇಟ್ಟು ಐಡಲ್‌ನಲ್ಲಿ ಬಿಡಿ. ಏಸಿ ಹಾಕಿದರೆ ಅದರ ಸಲುವಾಗಿ ಫ್ಯಾನ್ ಬಂದು ಪರೀಕ್ಷೆ ಕೆಡುತ್ತದೆ. ಫೋನಿನ ಅಂಕಿ ನಿಧಾನಕ್ಕೆ ಜಿಗಿತವಿಲ್ಲದೆ ಏರಬೇಕು, 95ರ ಆಸುಪಾಸಿನಲ್ಲಿ ಫ್ಯಾನ್ ಬರಬೇಕು, ಐದಾರು ಡಿಗ್ರಿ ಇಳಿದ ಮೇಲೆ ನಿಲ್ಲಬೇಕು. ಹೀಗೆ ಎರಡು ಸಲ ಬಂದು ನಿಲ್ಲುವುದನ್ನು ಪಕ್ಕದಲ್ಲೇ ನಿಂತು ನೋಡಿ. ಅಂಕಿ 105 ದಾಟಿಯೂ ಫ್ಯಾನ್ ಬರದಿದ್ದರೆ ಆಫ್ ಮಾಡಿ, ಆಗ ದೋಷ ಫ್ಯಾನಿನ ರಿಲೇ, ಫ್ಯೂಸ್ ಅಥವಾ ಮೋಟರಿನದು.

ಒಮ್ಮೆ ಕುದಿದಿರುವ ಎಂಜಿನ್ ಆದ್ದರಿಂದ ಹೆಡ್ ಗ್ಯಾಸ್ಕೆಟ್ಟಿನ (ಸಿಲಿಂಡರ್ ಹೆಡ್ಡಿನ ಕೆಳಗೆ ಸೋರದಂತೆ ತಡೆಯುವ ಹಾಳೆಯ) ಮೇಲೂ ಕಣ್ಣಿರಲಿ. ಆಯಿಲ್ ಮುಚ್ಚಳದ ಒಳಗೆ ಕಾಫಿ ನೊರೆಯಂಥ ಜಿಡ್ಡು, ಬಿಸಿಯಾದ ಮೇಲೂ ಬಿಳಿ ಹೊಗೆ, ಎಲ್ಲೂ ಸೋರದೆ ಕೂಲೆಂಟ್ ಇಳಿಯುವುದು, ಇವುಗಳಲ್ಲಿ ಯಾವುದು ಕಂಡರೂ ನೇರ ಗ್ಯಾರೇಜಿಗೆ ಹೋಗಿ. ಒಂದೇ ಸಲ, ಕೂಡಲೇ ನಿಲ್ಲಿಸಿದ್ದೀರಿ, ಹಾಗಾಗಿ ಬಹುಶಃ ಬಚಾವಾಗಿದೆ.

ಹೊಸ ಕಪ್ಲರ್ ಸಿಗುವ ಮೊದಲು ತುರ್ತಾಗಿ ಎಲ್ಲಿಗಾದರೂ ಹೋಗಬೇಕಾದರೆ ಒಂದು ಉಪಾಯವಿದೆ. ಸೆನ್ಸರಿನ ಕಪ್ಲರನ್ನು ಪೂರ್ತಿ ಕಳಚಿಬಿಡಿ. ಚೆಕ್ ಎಂಜಿನ್ ದೀಪ ಹತ್ತುತ್ತದೆ, ಏಸಿ ಹೋಗುತ್ತದೆ, ಇಲಿ ಕಡಿದ ದಿನದ ಹಾಗೆಯೇ ಫ್ಯಾನ್ ಎಡೆಬಿಡದೆ ಓಡುತ್ತದೆ. ಅದರ ಸದ್ದು ಕಿವಿಯಾರೆ ಕೇಳಿಸಿಕೊಂಡೇ ಹೊರಡಿ. ಕಪ್ಲರನ್ನು ತೂಗಾಡಲು ಬಿಡದೆ ಪ್ಲಾಸ್ಟಿಕ್ ಸುತ್ತಿ ಪಕ್ಕಕ್ಕೆ ಕಟ್ಟಿ. ಅರೆಬರೆ ಜಾಯಿಂಟನ್ನು ನಂಬಿ ಹೋಗುವುದಕ್ಕಿಂತ ಇದು ಎಷ್ಟೋ ಸುರಕ್ಷಿತ.

ಇಲಿಗಳ ವಿಷಯ. ಬಾನೆಟ್ಟಿನೊಳಗೆ ಹೊಗೆಸೊಪ್ಪಿನ ಕಟ್ಟು, ನುಸಿಗುಳಿಗೆ ಇಡುವವರಿದ್ದಾರೆ. ಸ್ವಲ್ಪ ದಿನ ವಾಸನೆ ಇರುವ ತನಕ ಉಪಯೋಗವಾದೀತು, ಆದರೆ ಸೈಲೆನ್ಸರಿನ ಹತ್ತಿರ ಒಣಗಿದ ಸೊಪ್ಪು ಇಡುವುದು ಬೆಂಕಿಗೆ ದಾರಿ. ಅದಕ್ಕಿಂತ ಶೆಡ್ಡಿನಲ್ಲಿ ಭತ್ತ, ಹಿಂಡಿ, ಅಡಿಕೆ ಸಿಪ್ಪೆಯ ರಾಶಿ ಕಾರಿನ ಪಕ್ಕ ಇಡಬೇಡಿ, ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆಯಾದರೂ ಬಾನೆಟ್ ಎತ್ತಿ ನೋಡಿ. ಎಂಜಿನ್ ಮೇಲೆ ತೆಂಗಿನ ನಾರು, ಬಟ್ಟೆ ಚೂರು ಕಂಡರೆ ಗೂಡು ಕಟ್ಟಲು ಶುರುಮಾಡಿವೆ ಎಂದರ್ಥ. ಸ್ಟಾರ್ಟ್ ಮಾಡುವ ಮೊದಲೇ ಅದನ್ನೆಲ್ಲ ತೆಗೆದು, ಈ ಕಪ್ಲರಿನ ಜೊತೆಗೆ ಇಂಜೆಕ್ಟರುಗಳ ವೈರುಗಳನ್ನೂ ಬೆರಳಾಡಿಸಿ ನೋಡಿಕೊಳ್ಳಿ.